ಬೆಂಕಿಯನ್ನಾರಿಸುವ ನೊರೆ

ಅಗ್ನಿಗೆ ಅಮರಕೋಶವು ಕೊಡುವ ಹೆಸರುಗಳಲ್ಲಿ ವಾಯುಸಖನೆಂಬುದೂ ಒಂದು. ಒಲೆಯೂದಿದವರೆಲ್ಲರೂ ಈ ಸಖ್ಯವನ್ನು ಬಲ್ಲರು. ಅಂಥ ವಾಯುವನ್ನೇ ನೀರಿನಲ್ಲಿ ಬೆರಸಿ ಬೆಂಕಿಯನ್ನಾರಿಸಬಹುದೆಂದರೆ ನಾವು ನಂಬುವುದು ಹೇಗೆ?

ಎಣ್ಣೆಯ ಬೆಂಕಿ ನೀರಿಗೆ ಬಗ್ಗುವುದಲ್ಲ. ಸುರಿದ ನೀರು ತಳ ಸೇರುತ್ತದೆ. ಹಗುರವಾದ ಎಣ್ಣೆ ಮೇಲೆ ತೇಲಿ, ಉರಿಯುತ್ತಲೇ ಹರಡುತ್ತದೆ. ಕಾಸ್ಪಿಯನ್ ಸಮುದ್ರದ ದಡದ ಬಾಕು ಪಟ್ಟಣಕ್ಕೆ ಎಣ್ಣೆಬಾವಿಗಳು ಐಶ್ವರ್ಯವನ್ನೂ ಈ ಭಯವನ್ನೂ ಒಟ್ಟಿಗೇ ತಂದವು. ಅಲ್ಲಿ ಉಪಾಧ್ಯಾಯರಾಗಿದ್ದ ಅಲೆಕ್ಸಾಂಡರ್ ಲೋರಾನ್ ಎಂಬ ಇಂಜನಿಯರರು 1904ರಲ್ಲಿ ನೊರೆಯ ಉಪಾಯಕ್ಕೆ ಪೇಟೆಂಟು ಪಡೆದರು. ಅವರ ಗುಳ್ಳೆಗಳಲ್ಲಿದ್ದುದು ಗಾಳಿಯಲ್ಲ. ಎರಡು ದ್ರಾವಣಗಳು ಕೂಡಿದಾಗ ಉಕ್ಕುವ ಇಂಗಾಲಾಮ್ಲವಾಯು. ಬೆಂಕಿಗೆ ಉಸಿರಾಗದ ವಾಯುವೇ ಬೇಕೆಂದು ಯಾರಿಗಾದರೂ ತೋರುವಂಥದೇ.

ಆದರೆ ಕಾಪಾಡುವುದು ಗುಳ್ಳೆಯೊಳಗಿನ ವಾಯುವಲ್ಲ, ಗುಳ್ಳೆಯ ನೀರಿನ ಗೋಡೆ. ನೊರೆ ಎಣ್ಣೆಗಿಂತ ಹಗುರ. ಕಂಬಳಿಯಂತೆ ಮೇಲೆ ಹಾಸಿ ಆವಿಯನ್ನು ಅದುಮುತ್ತದೆ, ಮೆಲ್ಲಗೆ ನೀರು ಬಸಿದು ತಂಪನ್ನೂ ಮಾಡುತ್ತದೆ. ಇದನ್ನರಿತ ಮೇಲೆ ಬರಿಯ ಗಾಳಿಯೇ ಸಾಕಾಯಿತು. ನೂರು ಪಾಲಿನಲ್ಲಿ ಮೂರು ಅಥವಾ ಆರು ಪಾಲು ನೊರೆರಸ, ಮಿಕ್ಕುದು ನೀರು. ಈ ದ್ರಾವಣ ಇಕ್ಕಟ್ಟಾದ ರಂಧ್ರದಿಂದ ರಭಸವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಕೊಳವೆಯ ಪಕ್ಕದ ತೂತುಗಳಿಂದ ಹೊರಗಿನ ಗಾಳಿ ತಾನಾಗಿ ಒಳಸೇರಿ, ಮಜ್ಜಿಗೆ ಕಡೆದಂತೆ ಕಡೆಯಲ್ಪಡುತ್ತದೆ. ಸಾಧಾರಣ ನೊರೆ ದ್ರಾವಣದ ಇಪ್ಪತ್ತು ಮಡಿಯವರೆಗೂ ಉಬ್ಬುವುದುಂಟು. ಗಾಳಿ ಕಡಮೆಯಾದರೆ ನೊರೆ ನೀರಾಗಿ ಸೋರುತ್ತದೆ. ಮಿತಿಮೀರಿದರೆ ಒಣಗಿ, ಹರಿಯಲೊಲ್ಲದೆ, ಬೀಸುಗಾಳಿಗೆ ಹಾರಿಹೋಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯು ಬಳಸಿದ ನೊರೆರಸದ ಮೂಲ ಸೋಯಾ ಅವರೆಯ ಸಸಾರಜನಕ. ನಾವಿಕರು ಅದನ್ನು ಅವರೆಯ ಸಾರೆಂದು ಕರೆದರು. ಆ ಸಸಾರಜನಕವನ್ನು ಬೇರ್ಪಡಿಸಿದ ರಸಾಯನಶಾಸ್ತ್ರಜ್ಞ ಪರ್ಸಿ ಜೂಲಿಯನ್ನರು 1950ರಲ್ಲಿ ಚಿಕಾಗೋ ಬಳಿಯ ಓಕ್ ಪಾರ್ಕಿನಲ್ಲಿ ಮನೆ ಕೊಂಡಾಗ, ಅವರು ಕರಿಯರೆಂಬ ಕಾರಣಕ್ಕೆ, ಆ ಮನೆಗೆ ಬೆಂಕಿಯಿಡುವ ಯತ್ನ ನಡೆಯಿತು. ನೊರೆಯ ಕಥೆಯಲ್ಲಿ ಇದನ್ನು ಬಿಟ್ಟು ಮುಂದೆ ಹೋಗಲು ನಮಗೆ ಮನಸ್ಸು ಬಾರದು.

1960ರ ದಶಕದಲ್ಲಿ ಫ್ಲೂರಿನ್ ಸೇರಿದ ನೊರೆರಸಗಳು ಬಂದವು. ಇವು ಎಣ್ಣೆಯ ಮೇಲೆ ನೀರಿನ ತೆಳುಪೊರೆಯನ್ನೇ ಹಬ್ಬಿಸುವುದರಿಂದ ಬೆಂಕಿ ಬೇಗ ನಂದುತ್ತಿತ್ತು. ಆದರೆ ಆ ಫ್ಲೂರಿನ್ ವಸ್ತುಗಳು ಮಣ್ಣಿನಲ್ಲಿಯೂ ಬಾವಿಯ ನೀರಿನಲ್ಲಿಯೂ ಮನುಷ್ಯರ ರಕ್ತದಲ್ಲಿಯೂ ಕರಗದೆ ಉಳಿದುವು. ಅಮೆರಿಕದ ಸೇನೆಯು 2023ರಲ್ಲಿ ಫ್ಲೂರಿನ್ ಇಲ್ಲದ ನೊರೆಗೆ ನಿಯಮಗಳನ್ನು ಪ್ರಕಟಿಸಿತು. ಈ ಹೊಸ ರಸಗಳು ಪೊರೆ ಕಟ್ಟಲಾರವು. ಅವುಗಳ ಬಲವೆಲ್ಲ ಗುಳ್ಳೆಯಲ್ಲಿ. ಆದಕಾರಣ ಕೊಳವೆಯ ಪಕ್ಕದ ತೂತುಗಳು ಎಷ್ಟು ಗಾಳಿಯನ್ನು ಸೆಳೆಯುತ್ತವೆಂಬುದನ್ನು ಪುನಃ ಅಳೆದು ನೋಡಬೇಕಾಗಿದೆ.