ಏಳು ಗುಂಡಿನ ಪುಟ್ಟ ರಿವಾಲ್ವರು

ಕೇಪಿನ ಕೋವಿಯನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಕಾಸರಗೋಡು ಸೀಮೆಯಲ್ಲಿ ಇನ್ನೂ ಇದ್ದಾರೆ. ತೋಟಕ್ಕೆ ನುಗ್ಗುವ ಹಂದಿಯನ್ನು ಬೆದರಿಸಲು ಅಜ್ಜಂದಿರು ಇಟ್ಟುಕೊಂಡಿದ್ದ ಆ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗಜದಿಂದ ಜಡಿಯಬೇಕು, ಗುಂಡು ಹಾಕಿ ಮತ್ತೆ ಜಡಿಯಬೇಕು, ಕಡೆಗೆ ಹಿಂಬದಿಯ ಸಣ್ಣ ಕೊಳವೆಯ ಮೇಲೆ ಕೇಪು ತೊಡಿಸಬೇಕು. ಇದನ್ನು ತರಗತಿಯಲ್ಲಿ ವರ್ಣಿಸುತ್ತಿದ್ದಾಗ ಐದನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಅಷ್ಟು ಹೊತ್ತಿಗೆ ಹಂದಿ ಓಡಿಹೋಗುವುದಿಲ್ಲವೇ ಮಾಷ್ಟ್ರೇ?" ಎಂದು ಕೇಳಿದ. ಓಡಿಹೋಗುತ್ತದೆ, ಮಗುವೇ. ನಿನ್ನ ಈ ಪ್ರಶ್ನೆಗೆ ಲೋಕವು ಕಂಡುಕೊಂಡ ಉತ್ತರಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು 1857ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಹುಟ್ಟಿದ, ಅಂಗೈಯಲ್ಲಿ ಅಡಗುವಂಥ ಒಂದು ರಿವಾಲ್ವರು. ಉಪಾಧ್ಯಾಯನಿಗೆ ಆಯುಧದ ಮೇಲೆ ಪ್ರೀತಿಯೇ ಎಂದು ಸಹೋದ್ಯೋಗಿಗಳು ನಗಬಹುದು. ನಾನು ಮೆಚ್ಚುವುದು ಅದರ ಗುಂಡನ್ನಲ್ಲ, ಅದರಲ್ಲಿರುವ ತೂತನ್ನು.

ಮೊದಲಿಗೆ ಕೋಲ್ಟನ ಮಾತು. ಸ್ಯಾಮ್ಯುಯೆಲ್ ಕೋಲ್ಟನು 1836ರಲ್ಲಿ ತನ್ನ ದೇಶದ ಪೇಟೆಂಟು ಪಡೆದ ರಿವಾಲ್ವರಿನಲ್ಲಿ ಐದಾರು ಗೂಡುಗಳುಳ್ಳ ಉರುಳೆಯೊಂದು ಸುತ್ತುತ್ತ ಒಂದೊಂದೇ ಗುಂಡನ್ನು ನಳಿಗೆಯ ನೇರಕ್ಕೆ ತರುತ್ತಿತ್ತು. ಹಾರಿಸುವುದೇನೋ ತ್ವರಿತವಾಯಿತು. ಆದರೆ ಆ ಗೂಡುಗಳು ಹಿಂಬದಿಯಲ್ಲಿ ಮುಚ್ಚಿದ್ದುವು. ಪ್ರತಿಯೊಂದಕ್ಕೂ ಮುಂದಿನಿಂದಲೇ ಮದ್ದು, ಗುಂಡು. ಪ್ರತಿಯೊಂದಕ್ಕೂ ಹಿಂದೆ ಕೇಪು. ಅಜ್ಜನ ಪಾಡೇ ಆರು ಸಲ ಎಂದರಾಯಿತು. ಮಳೆಯಲ್ಲಿ ಮದ್ದು ತೇವಗೊಂಡರೆ ಕೈಯಲ್ಲಿ ಉಳಿಯುವುದು ಬರಿಯ ಕಬ್ಬಿಣ.

ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸ್ಸನ್ ಎಂಬಿಬ್ಬರು ಕೋಲ್ಟನ ಪೇಟೆಂಟಿನ ಅವಧಿ ತೀರುವುದನ್ನೇ ಕಾಯುತ್ತಿದ್ದರು. ಅದು 1857ರಲ್ಲಿ ತೀರಿತು. ಮದ್ದು, ಗುಂಡು, ಕಿಡಿ ಮೂರನ್ನೂ ಒಂದೇ ತಾಮ್ರದ ಚಿಪ್ಪಿನಲ್ಲಿ ಅಡಗಿಸಿದ ತೋಟೆಯನ್ನು ಹಿಂಬದಿಯಿಂದ ತೂರಿಸುವುದು ಅವರ ಯೋಚನೆ. ಹಾಗೆ ತೂರಿಸಲು ಗೂಡು ಈ ಕಡೆಯಿಂದ ಆ ಕಡೆಗೆ ಆರ್‌ಪಾರಾಗಿ ಕೊರೆದಿರಬೇಕಷ್ಟೆ. ಇಷ್ಟು ಸರಳವಾದ ತೂತಿಗೂ ಒಬ್ಬ ಒಡೆಯನಿದ್ದ! ಹಿಂದೆ ಕೋಲ್ಟನ ಕಾರ್ಖಾನೆಯಲ್ಲಿಯೇ ಗುತ್ತಿಗೆಯ ಕೆಲಸ ಮಾಡಿದ್ದ ರಾಲಿನ್ ವೈಟ್ ಎಂಬಾತನು 1855ರ ಏಪ್ರಿಲ್ 3ರಂದು ಅದರ ಪೇಟೆಂಟು ಪಡೆದಿದ್ದ. ಆತ ಚಿತ್ರಿಸಿದ ರಿವಾಲ್ವರು ಬಳಕೆಗೆ ಬಾರದ ಸೃಷ್ಟಿ. ಆದರೆ ಅದರ ಸನ್ನದಿನಲ್ಲಿದ್ದ ಆ ಒಂದು ವಾಕ್ಯ ಚಿನ್ನದ ಬೆಲೆಯದು. ಫ್ರಾನ್ಸಿನಲ್ಲಿ ಲೆಫೋಶೆಯ ರಿವಾಲ್ವರುಗಳು ಆ ಹೊತ್ತಿಗಾಗಲೇ ಆರ್‌ಪಾರು ಗೂಡುಗಳನ್ನು ಹೊಂದಿದ್ದುವೆಂಬುದನ್ನೂ ಇಲ್ಲಿ ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾದೀತು.

1856ರ ನವೆಂಬರಿನಲ್ಲಿ ಒಪ್ಪಂದವಾಯಿತು. ಪ್ರತಿ ರಿವಾಲ್ವರಿಗೆ ವೈಟನಿಗೆ 25 ಸೆಂಟು, ಎಂದರೆ ಕಾಲು ಡಾಲರು. ಪೇಟೆಂಟನ್ನು ಯಾರಾದರೂ ಕದ್ದರೆ ದಾವೆ ಹೂಡಿ ಕಾಪಾಡಿಕೊಳ್ಳುವ ಹೊಣೆಯೂ ವೈಟನದೇ. ಈ ಎರಡನೆಯ ಷರತ್ತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮರುವರ್ಷ ಹೊರಬಂದ 'ಒಂದನೆಯ ಮಾದರಿ'ಗೆ ನಳಿಗೆ ಮೂರು ಇಂಚಿಗೆ ತುಸು ಹೆಚ್ಚು, ಎಂಟು ಮುಖದ್ದು. ಚೌಕಟ್ಟು ಹಿತ್ತಾಳೆಯದು, ಹಿಡಿಗೆ ಬೀಟೆಯಂಥ ಕೆಂಗಪ್ಪು ಮರ. ಟ್ರಿಗರಿಗೆ ಸುತ್ತು ಬಳೆಯಿಲ್ಲ. ಕುದುರೆಯನ್ನು ಹಿಂದಕ್ಕೆಳೆದಾಗ ಮಾತ್ರ ಅದು ಗೂಡಿನಿಂದ ಇಣುಕುತ್ತದೆ. ತೋಟೆ ತುಂಬುವ ಬಗೆ ಇನ್ನೂ ಸೊಗಸು. ಕೆಳಗಿನ ಚಿಲಕವನ್ನು ಒತ್ತಿದರೆ ನಳಿಗೆಯೇ ಮೇಲಕ್ಕೆ ಮಡಿಸಿಕೊಳ್ಳುತ್ತದೆ. ಉರುಳೆ ಕೈಗೆ ಬರುತ್ತದೆ. ನಳಿಗೆಯ ಅಡಿಯಲ್ಲಿ ನಿಲ್ಲಿಸಿರುವ ಕಡ್ಡಿಗೆ ಒಂದೊಂದೇ ಗೂಡನ್ನು ಒತ್ತಿ ಸುಟ್ಟ ಚಿಪ್ಪುಗಳನ್ನು ಉದುರಿಸಿ, ಹೊಸ ಏಳು ತೋಟೆಗಳನ್ನು ಸೇರಿಸಿ, ಉರುಳೆಯನ್ನು ಮರಳಿ ಕೂರಿಸಿದರೆ ತೀರಿತು. ಗಜವಿಲ್ಲ, ಮದ್ದಿನ ಬುರುಡೆಯಿಲ್ಲ, ಕೇಪಿನ ಡಬ್ಬಿಯಿಲ್ಲ.

ಇಷ್ಟು ಚಿಕ್ಕದೇಕೆ? ಜೇಬಿಗೆ ಹೊಂದಲೆಂದು ಎಂಬ ಉತ್ತರ ಅರ್ಧಸತ್ಯ. ಆ ತೋಟೆಯಲ್ಲಿ ಕಿಡಿ ಹುಟ್ಟಿಸುವ ಸ್ಫೋಟಕವು ಚಿಪ್ಪಿನ ಬುಡದ ಅಂಚಿನ ಮಡಿಕೆಯೊಳಗೆ ಇರುತ್ತಿತ್ತು. ಕುದುರೆಯ ಪೆಟ್ಟಿಗೆ ಆ ಅಂಚು ನಜ್ಜುಗುಜ್ಜಾಗಬೇಕಾದರೆ ತಾಮ್ರ ತೆಳುವಾಗಿಯೇ ಇರಬೇಕು. ತೆಳು ತಾಮ್ರಕ್ಕೆ ಹೆಚ್ಚು ಮದ್ದು ತುಂಬಿದರೆ ಬುಡ ಉಬ್ಬಿ, ಉರುಳೆ ತಿರುಗದೆ ಕಚ್ಚಿಕೊಳ್ಳುತ್ತಿತ್ತು. ಆದಕಾರಣ ಇಂಚಿನ ನೂರರಲ್ಲಿ 22 ಭಾಗದಷ್ಟು ದಪ್ಪದ, ಎರಡು ಗ್ರಾಮಿಗೂ ಕಡಿಮೆ ತೂಕದ ಗುಂಡು. ಕಾಲು ಗ್ರಾಮಿನಷ್ಟು ಮದ್ದು. ಮೊದಲ ತಂಡದ ರಿವಾಲ್ವರುಗಳಲ್ಲಿ ಉಬ್ಬಿನ ಉಪದ್ರವ ತಪ್ಪಿಸಲು ಉರುಳೆಯ ಹಿಂದೆ ತಾನೂ ತಿರುಗುವ ಒಂದು ಬಿಲ್ಲೆಯನ್ನೇ ಇಟ್ಟಿದ್ದರು. ಲೋಹದ ಬಲವೆಷ್ಟೋ ಆಯುಧದ ಅಳತೆಯೂ ಅಷ್ಟೇ. ತನ್ನ ಶಕ್ತಿಯ ಎಲ್ಲೆಯನ್ನು ಬಲ್ಲ ಈ ವಿವೇಕವೇ ನನಗೆ ಹಿಡಿಸಿದ್ದು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಯಿತು. ಇಂಥ ಬಡಗುಂಡನ್ನು ಸೈನ್ಯ ಕೊಳ್ಳಲಿಲ್ಲ. ಸೈನಿಕರೇ ಸ್ವಂತ ದುಡ್ಡಿನಿಂದ ಕೊಂಡು ಜೇಬಿಗಿಳಿಸಿದರು. ಕಾರ್ಖಾನೆಗೆ ಬೇಡಿಕೆ ಪೂರೈಸುವುದೇ ಕಷ್ಟವಾಯಿತು. ಬೇಡಿಕೆಯ ಬೆನ್ನಿಗೇ ಕಳ್ಳ ನಕಲುಗಳೂ ಬಂದುವು. ವೈಟನು ಷರತ್ತಿನಂತೆ ನ್ಯಾಯಾಲಯದ ಮೆಟ್ಟಿಲು ಹತ್ತಿದ, ಗೆದ್ದ. ಸೋತವರು ತಮ್ಮ ಸರಕಿನ ಮೇಲೆ 'ಸ್ಮಿತ್ ಮತ್ತು ವೆಸ್ಸನ್‌ರಿಗಾಗಿ ಮಾಡಿದ್ದು' ಎಂದು ಅಚ್ಚೊತ್ತಿ ಮಾರಬೇಕಾಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಸಮಸಮವಾಗಿ ಒಡೆದುದರಿಂದ ಕೆಳಗಿನ ತೀರ್ಪೇ ನಿಂತಿತು. ಗೆಲುವೆಲ್ಲವೂ ವೈಟನದು, ವಕೀಲರ ಖರ್ಚೂ ಆತನದೇ. ಕಾಲು ಡಾಲರಿನಂತೆ ಕೂಡಿದ ಸುಮಾರು 71,000 ಡಾಲರಿನಲ್ಲಿ ಬಹುಪಾಲು ಈ ದಾರಿಯಲ್ಲೇ ಸವೆಯಿತು.

ಕೋಲ್ಟನ ಕಂಪೆನಿಯವರ ಪಾಡು ಇನ್ನೊಂದು ಬಗೆ. ಹಿಂದಿನಿಂದ ತೂರಿಸುವಂತಿಲ್ಲವಾದ್ದರಿಂದ 1868ರಲ್ಲಿ ಥ್ಯೂಯರ್ ಎಂಬವನ ಉಪಾಯದಂತೆ ತೋಟೆಯನ್ನೇ ಮುಂದಿನಿಂದ ತೂರಿಸುವ ರಿವಾಲ್ವರು ಮಾಡಿದರು. ಬಾಗಿಲಿಗೆ ಬೀಗವಿದ್ದರೆ ಕಿಟಕಿ ಹತ್ತಿದಂತೆ!

1869ರಲ್ಲಿ ಪೇಟೆಂಟು ತೀರಿತು. ಅವಧಿಯನ್ನು ವಿಸ್ತರಿಸಬೇಕೆಂದು ವೈಟನು ಮೊರೆಯಿಟ್ಟ. ಶಾಸನಸಭೆ ಕರುಣೆ ತೋರಿ ಮಸೂದೆಯನ್ನು ಅಂಗೀಕರಿಸಿತು. ಆದರೆ ಅಂತರ್ಯುದ್ಧದ ದಳಪತಿಯಾಗಿದ್ದ ಗ್ರಾಂಟನು ಆಗ ರಾಷ್ಟ್ರಾಧ್ಯಕ್ಷ. 1870ರ ಜನವರಿಯಲ್ಲಿ ಆತ ಸಹಿ ಹಾಕದೆ ಮಸೂದೆಯನ್ನು ಹಿಂದಿರುಗಿಸಿದ. ಜೊತೆಗೆ ಸೈನ್ಯದ ಆಯುಧ ವಿಭಾಗದ ಮುಖ್ಯಸ್ಥ ಡಯರನ ಪತ್ರ. ಈ ಪೇಟೆಂಟಿನ ದೆಸೆಯಿಂದ ಯುದ್ಧಕಾಲದಲ್ಲಿ ಸರಕಾರ ಪಟ್ಟ ತೊಂದರೆಯೇ ಸಾಕು ಎಂಬುದು ಪತ್ರದ ತಾತ್ಪರ್ಯ. ಆ ಡಯರನು ಯುದ್ಧದ ಬಹುಭಾಗವನ್ನು ಕಳೆದದ್ದು ಅದೇ ಸ್ಪ್ರಿಂಗ್‌ಫೀಲ್ಡಿನ ಸರಕಾರಿ ಬಂದೂಕು ಕಾರ್ಖಾನೆಯ ಅಧಿಪತಿಯಾಗಿ. ಆರ್‌ಪಾರು ತೂತಿನ ಬೆಲೆಯನ್ನು ಅವನಷ್ಟು ಹತ್ತಿರದಿಂದ ಕಂಡವರು ಬೇರೆ ಯಾರಿದ್ದರು?

ಕೋಲ್ಟನವರು 1873ರಲ್ಲಿ ಹಿಂದಿನಿಂದ ತೋಟೆ ತುಂಬುವ ತಮ್ಮ ದೊಡ್ಡ ರಿವಾಲ್ವರನ್ನು ಸೈನ್ಯಕ್ಕೆ ಒದಗಿಸಿದರು. ಪುಟ್ಟದಾದರೋ ಮೂರು ರೂಪಗಳನ್ನು ತಳೆದು, ಕಡೆಯದರಲ್ಲಿ ಕಬ್ಬಿಣದ ಚೌಕಟ್ಟನ್ನೂ ಹಕ್ಕಿಯ ತಲೆಯಂತೆ ಬಾಗಿದ ಹಿಡಿಯನ್ನೂ ಪಡೆದು, ಎರಡೂವರೆ ಲಕ್ಷಕ್ಕೂ ಮಿಕ್ಕಿ ತಯಾರಾಗಿ 1882ರಲ್ಲಿ ನಿಂತಿತು. ವೈಟನು 1892ರಲ್ಲಿ ತೀರಿಕೊಂಡ. ಅದಕ್ಕಾಗಿ ರೂಪುಗೊಂಡ ಆ ಕಿರುತೋಟೆ ಮಾತ್ರ ಇಂದಿಗೂ ತಯಾರಾಗುತ್ತಿದೆ.