ದೆವ್ವ ಎಂಬ ಶಬ್ದದ ಮೂಲವಿಚಾರ

ಸತ್ತವರು ಮರಳಿ ಬರುವರೆಂಬ ನಂಬಿಕೆ ಅನೇಕ ದೇಶಗಳಲ್ಲಿ ಉಂಟು. ಹೀಗೆ ಬಂದವನಿಗೆ ಫ್ರೆಂಚರು 'ಮರಳುವವನು' ಎಂಬರ್ಥದ ಪದವನ್ನೇ ಬಳಸುತ್ತಾರೆ. ಕನ್ನಡದಲ್ಲಿ ರೂಢವಾಗಿರುವ ಹೆಸರುಗಳಲ್ಲಾದರೋ ಮರಳುವ ಅರ್ಥವೇ ಇಲ್ಲ. ಪ್ರೇತವೆಂದರೆ ಹೊರಟುಹೋದುದು, ಸಪಿಂಡೀಕರಣದವರೆಗೆ ಮೃತನಿಗಿರುವ ಹೆಸರದು, ಬಳಿಕ ಅವನು ಪಿತೃವಾಗುತ್ತಾನೆ. ದೆವ್ವವಂತೂ ದೈವದ ತದ್ಭವ. ಪೂಜೆಗೆ ಸಂದ ಹೆಸರು ಭಯಕ್ಕೆ ಸಂದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಇದನ್ನು ಗ್ರಾಮ್ಯರ ಅಪಭ್ರಂಶವೆಂದು ತಳ್ಳಿಹಾಕುವುದು ಸಾಧುವಲ್ಲ. ದೆವ್ವ ಎಂಬ ದ್ವಿತ್ವರೂಪ ಪ್ರಾಕೃತದಲ್ಲಿಯೇ ಸಿದ್ಧವಾಗಿದ್ದಿತೆಂಬುದಕ್ಕೆ 12ನೆಯ ಶತಮಾನದ ಹೇಮಚಂದ್ರನ ವ್ಯಾಕರಣ ಸಾಕ್ಷಿ. ತಮಿಳಿನಲ್ಲಿ ಅದೇ ದೈವಶಬ್ದ 'ತೆಯ್ವಂ' ಎಂದಾಗಿ ದೇವರ ಅರ್ಥದಲ್ಲಿಯೇ ನಿಂತಿತು. ಪಿಶಾಚಕ್ಕೆ ಅವರಲ್ಲಿ 'ಪೇಯ್' ಎಂಬ ದೇಶ್ಯಪದವಿದ್ದಿತು. ಅದರ ಸಜಾತೀಯವಾದ ಕನ್ನಡದ ಪೇ, ಹೇ ಎಂಬ ರೂಪಗಳಿಗೆ ಹುಚ್ಚು, ಉನ್ಮಾದ ಎಂಬ ಅರ್ಥಗಳು ಮಾತ್ರ ಉಳಿದಿವೆ. ತೆರವಾದ ಆ ಸ್ಥಾನವನ್ನು ದೆವ್ವವು ತುಂಬಿದಂತೆ ತೋರುತ್ತದೆ.

ಪಕಾರವು ಹಕಾರವಾದುದಕ್ಕೆ ಬೆಂಗಳೂರಿನ ಉತ್ತರದ ಹೆಬ್ಬಾಳದ ಹೆಸರೇ ನಿದರ್ಶನ. 2018ರಲ್ಲಿ ಅಲ್ಲಿ ದೊರೆತ, ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನಲ್ಲಿ ಆ ನಾಡು ಪೆರ್ಬೊಳಲ್ನಾಡು ಎಂದಿದೆ. ಈ ಕಲ್ಲು ಪ್ರಕೃತವಿಷಯಕ್ಕೆ ಇನ್ನೊಂದು ಬಗೆಯಿಂದಲೂ ಸಲ್ಲುತ್ತದೆ. ಕಾಳಗದಲ್ಲಿ ಮಡಿದವನದು ಅಕಾಲಮರಣ. ಲೋಕದ ನಂಬಿಕೆಯಂತೆ ದೆವ್ವವಾಗತಕ್ಕವನು ಅಂಥವನೇ. ಆದರೂ ಅವನಿಗೆ ಕಲ್ಲನ್ನು ನಿಲ್ಲಿಸಿದರು. ಇಂಥ ಕಲ್ಲುಗಳಿಗೆ ಹಳ್ಳಿಗಳಲ್ಲಿ ಪೂಜೆ ಸಲ್ಲುವುದೂ ಉಂಟು. ತುಳುನಾಡಿನಲ್ಲಿ ದೈವ, ಭೂತ ಎಂಬೆರಡೂ ಆರಾಧ್ಯಶಕ್ತಿಗಳಿಗೇ ಹೆಸರು. ಅವುಗಳಲ್ಲಿ ಕೆಲವು ಅಕಾಲದಲ್ಲಿ ಮಡಿದ ಮನುಷ್ಯರೇ. ಮೃತನಿಗೂ ದೇವತೆಗೂ ನಡುವಣ ಗೆರೆ ಈಗಿನವರು ಎಣಿಸುವಷ್ಟು ದಪ್ಪನಾದುದಲ್ಲ.

ಇದಕ್ಕೆ ಅಂಜಿಕೆಯ ಮರ್ಯಾದೆಯೂ ಸೇರಿತೆಂದು ಊಹಿಸಬಹುದು. ಸಿಡುಬನ್ನು ಅಮ್ಮನೆಂದೂ ಇರುಳಿನಲ್ಲಿ ಹಾವನ್ನು ಹುಳವೆಂದೂ ಕರೆಯುವ ಜನ, ಬಾರದಿರಲೆಂದು ಬೇಡುವ ವಸ್ತುವಿಗೆ ದೇವರ ಹೆಸರನ್ನೇ ಇಟ್ಟುದು ಸಹಜ. ಮರಳುವ ಅರ್ಥವನ್ನು ಕನ್ನಡವು ನಾಮಪದಕ್ಕೆ ಕೊಡದೆ ಕ್ರಿಯಾಪದಕ್ಕೆ ಬಿಟ್ಟಿತು: ದೆವ್ವ ಬರುತ್ತದೆ, ಮೆಟ್ಟುತ್ತದೆ, ಬಿಡುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲುಗಳ ಮೇಲೆ, ಇರುಳಲ್ಲಿ ಪರಿಚಿತರ ದನಿಯಿಂದ ಕೂಗುವ ದೆವ್ವಕ್ಕೆಂದು, ಬರೆದುದು 'ಹೋಗು' ಎಂದಲ್ಲ. 'ನಾಳೆ ಬಾ' ಎಂದು.