ಚೆಂಡನ್ನು ಬಿಟ್ಟುಕೊಡುವ ವಿದ್ಯೆ

ಗೆದ್ದ ಪಂದ್ಯವನ್ನು ಕುರಿತು ಪ್ರೇಕ್ಷಕನು ಬಹುಕಾಲ ವಿಚಾರ ಮಾಡುವುದಿಲ್ಲ. ಅವನ ಬುದ್ಧಿಯನ್ನು ಕೆರಳಿಸುವುದು ಸೋತ ಪಂದ್ಯವೇ. ಸಿಕಂದರಾಬಾದಿನ ಪೆರೇಡ್ ಮೈದಾನದಲ್ಲಿಯೋ, ಹೈದರಾಬಾದಿನ ಫತೇ ಮೈದಾನದಲ್ಲಿಯೋ, ತನ್ನ ಮೊಹಲ್ಲೆಯ ತಂಡ, ತಾನು ಓದಿದ ಕಾಲೇಜಿನ ತಂಡ, ಇಲ್ಲವೆ ಉಭಯ ನಗರಗಳಿಗೂ ಹೆಮ್ಮೆಯಾಗಿದ್ದ ಪೊಲೀಸ್ ತಂಡ ಸೋತು ಹೊರಬಿದ್ದ ಸಂಜೆ, ಇರಾನಿ ಹೋಟೆಲಿನ ಕಲ್ಲುಹಾಸಿನ ಮೇಜಿನ ಸುತ್ತ ಕುಳಿತು, ಚಹ ಆರಿದರೂ ಮಾತು ಆರದಂತೆ ನಡೆಯುತ್ತಿದ್ದ ಆ ನ್ಯಾಯವಿಚಾರಣೆಗೆ ಒಂದು ವೈಶಿಷ್ಟ್ಯವಿತ್ತು. ಬೇರೆ ಊರುಗಳಲ್ಲಿ ಗೋಲು ತಪ್ಪಿಸಿದವನನ್ನೋ, ಗೋಲು ಬಿಟ್ಟವನನ್ನೋ ಮೊದಲು ಹಿಡಿದು ನಿಲ್ಲಿಸುತ್ತಾರೆ. ಇಲ್ಲಿ ಮೊದಲ ಅಪರಾಧಿಯಾಗುತ್ತಿದ್ದವನು ಚೆಂಡನ್ನು ತನ್ನ ಕಾಲಲ್ಲಿಯೇ ಇಟ್ಟುಕೊಂಡವನು. ಪಾಸು ಕೊಡಬೇಕಾದಾಗ ಕೊಡಲಿಲ್ಲ, ಕೊಟ್ಟರೂ ಹೊತ್ತು ಮೀರಿ ಕೊಟ್ಟ, ಹೊತ್ತಿಗೆ ಕೊಟ್ಟರೂ ಆಟಗಾರನ ಕಾಲಿಗೆ ಕೊಟ್ಟನೇ ಹೊರತು ಅವನು ಓಡಲಿರುವ ಎಡೆಗೆ ಕೊಡಲಿಲ್ಲ ಎಂಬ ಈ ಆರೋಪಪಟ್ಟಿಯನ್ನು, ಎಂದೂ ಚೆಂಡನ್ನು ಒದ್ದವನಲ್ಲದ ಕಿರಾಣಿ ಅಂಗಡಿಯವನೂ ತಡವರಿಸದೆ ಒಪ್ಪಿಸಬಲ್ಲವನಾಗಿದ್ದನೆಂದು ಹಳಬರು ಹೇಳುವುದುಂಟು. ಪ್ರೇಕ್ಷಕರಿಗೆ ಈ ಕಣ್ಣು ಬಂದುದು ತಾನಾಗಿ ಅಲ್ಲ. ಅದನ್ನು ಕಲಿಸಿದವರು ಇದ್ದರು.

ಮೂರನೆಯ ಆಸಫ್ ಜಾಹನಾದ ಸಿಕಂದರ್ ಜಾಹನ ಹೆಸರನ್ನು 1806ರಲ್ಲಿ ಪಡೆದ ಸಿಕಂದರಾಬಾದು ಮೊದಲಿನಿಂದಲೂ ದಂಡಿನ ಊರು. ಹುಸೇನ್ ಸಾಗರದ ಆಚೆ ನಿಜಾಮರ ರಾಜಧಾನಿ. ಈಚೆ ತಿರುಮಲಗಿರಿ, ಬೊಲ್ಲಾರಮ್ಮುಗಳವರೆಗೆ ಹಬ್ಬಿದ ಇಂಗ್ಲಿಷರ ದಂಡುಪ್ರದೇಶ. 1874ರಲ್ಲಿ ವಾಡಿಯಿಂದ ಇಲ್ಲಿಗೆ ರೈಲು ಹಾಕಿದ ಮೇಲೆ ನಮ್ಮ ಕಲಬುರ್ಗಿ, ರಾಯಚೂರು ಸೀಮೆಗಳ ಜನರೂ ನೌಕರಿಗೆಂದು, ವ್ಯಾಪಾರಕ್ಕೆಂದು ಇಲ್ಲಿ ಬಂದಿಳಿದರು. ಕಾಲ್ಚೆಂಡಾಟ ಬಂದುದು ಸಿಪಾಯಿಗಳ ಸಾಮಾನಿನೊಡನೆ. ಪಾಸಿನ ವಿದ್ಯೆಯ ಮೂಲದಲ್ಲಿಯೂ ಸಿಪಾಯಿಗಳಿದ್ದರೆಂಬುದು ಇಲ್ಲಿ ಸ್ಮರಣೀಯ. 1870ರ ದಶಕದ ಇಂಗ್ಲೆಂಡಿನಲ್ಲಿ ಪ್ರತಿಷ್ಠಿತ ಶಾಲೆಗಳ ತರುಣರು ಚೆಂಡನ್ನು ಕಾಲಿಗಂಟಿಸಿಕೊಂಡು ಒಬ್ಬೊಬ್ಬರೇ ನುಗ್ಗುವುದನ್ನೇ ಶೌರ್ಯವೆಂದು ತಿಳಿದಿದ್ದ ಕಾಲದಲ್ಲಿ, ರಾಯಲ್ ಎಂಜಿನಿಯರ್ಸ್ ಎಂಬ ಸೇನಾತಂಡದವರೂ ಸ್ಕಾಟ್ಲೆಂಡಿನ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರೂ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಆಡುವ ಕೂಡಾಟವನ್ನು ಬೆಳೆಸಿದರು. ದಂಡಿನ ಜತೆಯಲ್ಲಿ ಭಾರತಕ್ಕೆ ಬಂದ ಆಟವು 1888ರಲ್ಲಿ ಸಿಮ್ಲಾದ ಡ್ಯುರಂಡ್ ಕಪ್ಪನ್ನೂ, 1891ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನೂ ಹುಟ್ಟಿಸಿತು; ಇವೆರಡನ್ನೂ ಬಹುಕಾಲ ಗೋರಾ ಪಲ್ಟಣಗಳೇ ಗೆಲ್ಲುತ್ತಿದ್ದವು. ಆ ಪದ್ಧತಿಯನ್ನು ಮುರಿದು 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನು ಕನ್ನಡಿಗರು ನೆನೆಯುವುದು ಅಪರೂಪ. ಮರುವರ್ಷವೂ ಕಪ್ಪು ಅವರದೇ ಆಯಿತು. ಸಿಕಂದರಾಬಾದು, ಬೆಂಗಳೂರು ದಂಡು ಇವೆರಡೂ ಒಂದೇ ಬಗೆಯ ಊರುಗಳು; ಬೂಟು ತೊಟ್ಟವರ ಆಟವನ್ನು ಬರಿಗಾಲಿನವರು ಬೇಲಿಯಾಚೆಯಿಂದ ನೋಡಿ, ತಮ್ಮ ಕಾಲಿಗೆ ತಕ್ಕಂತೆ ತಿದ್ದಿಕೊಂಡ ಊರುಗಳು.

ಆ ತಿದ್ದುಪಡಿಯನ್ನು ಒಂದು ಶಾಸ್ತ್ರವೆನ್ನಬಹುದಾದ ಮಟ್ಟಕ್ಕೆ ಏರಿಸಿದವರು ಸೈಯದ್ ಅಬ್ದುಲ್ ರಹೀಮ್ ಸಾಹೇಬರು. 1909ರಲ್ಲಿ ಹೈದರಾಬಾದಿನಲ್ಲಿ ಜನಿಸಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ, ಅದರ ತಂಡಕ್ಕೆ ಆಡಿ, ಬಳಿಕ ಕಾಚಿಗುಡದ ಶಾಲೆಯೇ ಮೊದಲಾದ ಕಡೆಗಳಲ್ಲಿ ಉಪಾಧ್ಯಾಯರಾಗಿದ್ದ ಇವರು, ಆಟದ ಮೈದಾನವನ್ನೂ ತರಗತಿಯ ಕೊಠಡಿಯಂತೆಯೇ ಕಂಡರು. ಶಿಕ್ಷಕನಿಗೆ ಸಹಜವಾದ ಒಂದು ಪ್ರವೃತ್ತಿಯೆಂದರೆ ವಿದ್ಯಾರ್ಥಿಯ ದೋಷವನ್ನು ಬಯ್ದು ಬಿಡದೆ ಆ ದೋಷಕ್ಕೆ ತಕ್ಕ ಅಭ್ಯಾಸವನ್ನು ರಚಿಸುವುದು. ಹುಡುಗರು ಚೆಂಡನ್ನು ಕುಣಿಸುತ್ತ ಕಾಲ ಕಳೆಯುವರೆ? ಹಾಗಾದರೆ ಡ್ರಿಬಲ್ ಮಾಡುವುದನ್ನೇ ನಿಷೇಧಿಸಿದ ಪಂದ್ಯಾವಳಿಯೊಂದು ನಡೆಯಲಿ. ಚೆಂಡು ಬಂದೊಡನೆ ಅದನ್ನು ಸಾಗಿಸಲೇಬೇಕು. ಬಲಗಾಲಿನವನು ಎಡಗಡೆಗೆ ಪಾಸು ಕೊಡಲಾರನೆ? ಬಲಹೀನವಾದ ಕಾಲಿನಿಂದಲೇ ಆಡತಕ್ಕ ಪಂದ್ಯಾವಳಿಯೂ ಒಂದಿರಲಿ. ಇಂದು ಪರದೇಶದ ತರಬೇತಿಶಾಲೆಗಳಲ್ಲಿ ಇಂಥವನ್ನು ನೂತನ ವಿಧಾನಗಳೆಂದು ಬೋಧಿಸುತ್ತಾರೆ. ಸಂಬಳ ಸಾಲದ ಒಬ್ಬ ಮಾಸ್ತರರು ಮುರ್ರಂ ನೆಲದ ಮೈದಾನಗಳಲ್ಲಿ ಅವನ್ನು ನಡೆಸಿ ಆಗಲೇ ಮುಗಿಸಿದ್ದರು. ಆಟಗಾರರು ಮಾತ್ರವಲ್ಲ, ಸುತ್ತಲೂ ನಿಂತು ನೋಡಿದ ಜನರೂ ಅಲ್ಲಿ ವಿದ್ಯಾರ್ಥಿಗಳಾದರು. ಡ್ರಿಬಲ್ ಇಲ್ಲದ ಆಟವನ್ನು ನೋಡಿ ನೋಡಿ ಪಳಗಿದ ಕಣ್ಣಿಗೆ ಯಾವ ಪಾಸು ಎಲ್ಲಿ ಕೆಟ್ಟಿತೆಂಬುದು ತಾನೇ ಹೊಳೆಯದಿರುವುದು ಹೇಗೆ?

ರಹೀಮ್ ಸಾಹೇಬರ ಕೈಗೆ ಬಂದ ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಹೊರಗಣ ಕೀರ್ತಿ ಮೊದಲು ದೊರೆತುದು ಕನ್ನಡನಾಡಿನಲ್ಲಿಯೇ, 1943ರಲ್ಲಿ ಬೆಂಗಳೂರಿನ ಆಶ್ ಗೋಲ್ಡ್ ಕಪ್ಪನ್ನು ಗೆದ್ದಾಗ. ಆದರೆ ನನ್ನ ಪ್ರಕೃತ ವಿಷಯ ಸೋಲು. ರಾಜ್ಯತಂಡಗಳ ನಡುವಣ ಸಂತೋಷ್ ಟ್ರೋಫಿಯ 1949-50ರ ಅಂತಿಮ ಪಂದ್ಯದಲ್ಲಿ, ಕಲ್ಕತ್ತೆಯಲ್ಲಿ, ಬಂಗಾಳವು ಹೈದರಾಬಾದನ್ನು ಐದು ಗೋಲುಗಳಿಂದ ಸೋಲಿಸಿತು. ಹೈದರಾಬಾದಿಗೆ ಒಂದೂ ದಕ್ಕಲಿಲ್ಲ. ಮರುವರ್ಷ ಅದೇ ಊರಿನಲ್ಲಿ, ಅದೇ ಬಂಗಾಳದೆದುರು, ಮತ್ತೆ ಅಂತಿಮ ಪಂದ್ಯದಲ್ಲಿ ಸೋಲು. ಈ ಸಲ ಒಂದೇ ಗೋಲಿನ ಅಂತರ. ಐದು ಒಂದಕ್ಕಿಳಿದ ಆ ಕಾಲದಲ್ಲಿಯೇ ಪೊಲೀಸ್ ತಂಡ ಮುಂಬಯಿಯ ಕೂಪರೇಜ್ ಮೈದಾನದಲ್ಲಿ 1950ರ ರೋವರ್ಸ್ ಕಪ್ಪನ್ನು ಗೆದ್ದು, 1954ರವರೆಗೆ ಐದು ವರ್ಷ ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಡ್ಯುರಂಡ್ ಕಪ್ಪೂ 1950, 1954, 1957ರಲ್ಲಿ ಅವರದಾಯಿತು. ಹೀಗಿದ್ದರೂ ಕಲ್ಕತ್ತೆಯ ಐಎಫ್‌ಎ ಶೀಲ್ಡ್ ಮಾತ್ರ ಅವರ ಕೈಗೆ ಸಿಕ್ಕಲೇ ಇಲ್ಲ. ಇದಕ್ಕೆ ಕಾರಣವನ್ನು ನಾನು ಊಹಿಸುವುದು ಹೀಗೆ: ಆಗ ಡ್ಯುರಂಡ್ ದಿಲ್ಲಿಯ ಚಳಿಗಾಲದ ಒಣನೆಲದ ಆಟವಾಗಿತ್ತು, ಶೀಲ್ಡಾದರೋ ಮಳೆಗಾಲದ್ದು. ನೆಲಕ್ಕಂಟಿ ಹರಿಯುವ ಗಿಡ್ಡ ಪಾಸಿಗೆ ಗಟ್ಟಿನೆಲವೇ ಪ್ರಾಣ. ಅಂದಿನ ತೊಗಲಿನ ಚೆಂಡು ನೀರು ಕುಡಿದು ಭಾರವಾಗಿ ಕೆಸರಿನಲ್ಲಿ ಅರ್ಧದಾರಿಗೇ ನಿಂತುಬಿಟ್ಟರೆ, ಅದನ್ನು ನಂಬಿ ಓಡಿದವನು ಶೂನ್ಯವನ್ನು ತಲಪಿ ಎದುರಾಳಿಗೆ ಹಾದಿ ತೆರೆದಿಟ್ಟಂತಾಗುತ್ತದೆ. ಇಂಥ ಪಂದ್ಯವನ್ನು ನೋಡಿ ಬಂದವನು ಪಾಸು ಕೊಟ್ಟವನನ್ನು ಬಯ್ಯುವನು, ತಪ್ಪು ಮಳೆಯದು.

ಪಾಸಿನ ವೈಫಲ್ಯವೆಂಬುದು ಅನೇಕ ವೇಳೆ ಕೊಟ್ಟವನ ದೋಷವಲ್ಲವೆಂಬ ಸೂಕ್ಷ್ಮವು ಸಾಮಾನ್ಯ ಚರ್ಚೆಗಳಲ್ಲಿ ತಪ್ಪಿಹೋಗುತ್ತದೆ. ಚೆಂಡು ಇರುವವನ ಬಳಿ ಇಬ್ಬರಾದರೂ ಎಡೆ ಮಾಡಿಕೊಂಡು ನಿಂತಿರದಿದ್ದರೆ ಎಂಥ ನಿಪುಣನಾದರೂ ಕೊಡುವುದು ಯಾರಿಗೆ? ಹಾಫುಗಳು ಹಿಂದೆ ಉಳಿದು ಫಾರ್ವರ್ಡುಗಳು ಮುಂದೆ ಓಡಿಬಿಟ್ಟರೆ ನಡುವೆ ಬೀಳುವ ಬಯಲನ್ನು ಯಾವ ಕಾಲೂ ದಾಟಿಸಲಾರದು. ಈ ಸೂಕ್ಷ್ಮವನ್ನು ಇಡೀ ದೇಶಕ್ಕೆ ಅತ್ಯಂತ ಕಠೋರವಾಗಿ ಕಲಿಸಿದ್ದು 1952ರ ಹೆಲ್ಸಿಂಕಿ. ರಹೀಮ್ ಸಾಹೇಬರು ಒಯ್ದ ಆ ಒಲಿಂಪಿಕ್ ತಂಡದಲ್ಲಿ ಹೈದರಾಬಾದಿನ ನೂರ್ ಮೊಹಮ್ಮದ್, ಅಜೀಜುದ್ದೀನ್ ಮೊದಲಾದವರೂ, ಬೆಂಗಳೂರಿನ ಅಹ್ಮದ್ ಖಾನರೂ ಇದ್ದರು. ಯುಗೊಸ್ಲಾವಿಯ ಹತ್ತು ಗೋಲುಗಳನ್ನು ಹೊಡೆಯಿತು; ಅವುಗಳಲ್ಲಿ ನಾಲ್ಕು ಬ್ರಾಂಕೊ ಜೆಬೆಕ್ ಎಂಬ ಒಬ್ಬನವೇ. ನಮ್ಮ ಕಡೆಯ ಒಂದೇ ಗೋಲು, ಪಂದ್ಯ ಮುಗಿಯುವ ಹೊತ್ತಿನಲ್ಲಿ, ಅಹ್ಮದ್ ಖಾನರಿಂದ ಬಂತು.

ಈ ಸೋಲಿನ ಚರ್ಚೆ ದೇಶದಲ್ಲೆಲ್ಲ ನಡೆದುದು ಬೂಟುಗಳನ್ನು ಕುರಿತು. ಉತ್ತರದೇಶದ ಚಳಿಯಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಲ್ಲಿ ಆಡಿದ್ದು ನಿಜ. ಅನಂತರ ಬೂಟು ಕಡ್ಡಾಯವಾದದ್ದೂ ಯುಕ್ತವೇ. ಆದರೆ ಬರಿಗಾಲಿನಿಂದಲೇ ನಾಲ್ಕು ವರ್ಷ ಹಿಂದೆ ಲಂಡನ್ನಿನಲ್ಲಿ ಫ್ರಾನ್ಸಿನೊಡನೆ ಸರಿಸಮ ಹೋರಾಡಿ, ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್ ಒಂದು ಗೋಲನ್ನೂ ಹೊಡೆದು, ಎರಡು ಪೆನಾಲ್ಟಿಗಳನ್ನು ಕಳೆದುಕೊಂಡದ್ದರಿಂದ ಮಾತ್ರ ನಾವು 2-1ರಲ್ಲಿ ಸೋತಿದ್ದೆವಲ್ಲ? ಹೆಲ್ಸಿಂಕಿಯ ಅನರ್ಥಕ್ಕೆ ಬೂಟಿಗಿಂತ ಗುರುತರವಾದ ಕಾರಣವೆಂದರೆ ನಮ್ಮ ಆಟಗಾರರು ನಿಂತ ಸ್ಥಾನಗಳು. ಯುರೋಪು ಮೂರು ಬ್ಯಾಕುಗಳ ವ್ಯವಸ್ಥೆಗೆ ತಿರುಗಿ ಕಾಲು ಶತಮಾನವಾಗುತ್ತ ಬಂದಿದ್ದರೂ ನಾವು ಇಬ್ಬರು ಬ್ಯಾಕುಗಳನ್ನೇ ನಂಬಿದ್ದೆವು. ಎದುರಾಳಿಯ ಐವರು ಮುನ್ನುಗ್ಗಿದಾಗ ಹಾಫುಗಳು ಹಿಂದೆ ಸೆಳೆಯಲ್ಪಟ್ಟು, ಫಾರ್ವರ್ಡುಗಳಿಗೆ ಚೆಂಡು ಒದಗಿಸುವವರೇ ಇಲ್ಲವಾದರು. ರಹೀಮ್ ಸಾಹೇಬರ ಮುಂದಿನ ದಶಕದ ಸಾಧನೆಯೆಲ್ಲವೂ ಈ ನಡುಬಯಲನ್ನು ತುಂಬುವ ಪ್ರಯತ್ನವೆಂದೇ ನಾನು ಓದುತ್ತೇನೆ. ಮೂರು ಬ್ಯಾಕುಗಳ ಪದ್ಧತಿ ನಮ್ಮಲ್ಲಿಗೂ ಬಂತು. 1953ರ ನವೆಂಬರಿನಲ್ಲಿ ಹಂಗೆರಿಯವರು ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಮುರಿದಾಗ ಲೋಕವೆಲ್ಲ ಬೆರಗಾದ ಉಪಾಯ, ಎಂದರೆ ಸೆಂಟರ್ ಫಾರ್ವರ್ಡನನ್ನು ಹಿಂದಕ್ಕೆ ಇಳಿಸಿ ಅವನನ್ನೇ ಪಾಸುಗಳ ಕೇಂದ್ರವಾಗಿ ಮಾಡುವುದು, 1956ರ ಮೆಲ್ಬರ್ನ್ ಒಲಿಂಪಿಕ್ ವೇಳೆಗೆ ನಮ್ಮ ತಂಡದ ಆಟದಲ್ಲಿಯೂ ಕಾಣಿಸಿಕೊಂಡಿತು. ಅಲ್ಲಿ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ, ಅರ್ಧಾಂತಿಮ ಪಂದ್ಯದಲ್ಲಿ ಅದೇ ಯುಗೊಸ್ಲಾವಿಯಕ್ಕೆ 4-1ರಿಂದ ಸೋತು, ನಾವು ನಾಲ್ಕನೆಯವರಾದೆವು. ಹತ್ತು ನಾಲ್ಕಾದದ್ದು ಅಲ್ಪವೇನೂ ಅಲ್ಲ.

ಆ ಮೆಲ್ಬರ್ನ್ ತಂಡದಲ್ಲಿದ್ದ ತುಳಸಿದಾಸ್ ಬಲರಾಮರು ಸಿಕಂದರಾಬಾದಿನವರು. ಹುಟ್ಟಿದ್ದು ದಂಡಿನ ಅಂಚಿನ ಅಮ್ಮುಗುಡ ಎಂಬ ಹಳ್ಳಿಯಲ್ಲಿ, ಬಡತನದಲ್ಲಿ. ಅಲ್ಲಿಂದ ಹೈದರಾಬಾದಿನ ಅಭ್ಯಾಸಕ್ಕೆ ದಿನವೂ ಹೋಗಿಬರುವ ಅನುಕೂಲವಿಲ್ಲದ ಈ ತರುಣನಿಗೆ ಬೈಸಿಕಲ್ ಬಾಡಿಗೆಯ ಹಣವನ್ನು ರಹೀಮ್ ಸಾಹೇಬರೇ ಕೊಡುತ್ತಿದ್ದರಂತೆ. ಚೆಂಡು ಕಾಲಲ್ಲಿದ್ದಾಗ ಯಾರಿಗೂ ಬಿಟ್ಟುಕೊಡದಿರುವ ಸಾಮರ್ಥ್ಯ ಬಲರಾಮರಿಗೆ ಜನ್ಮಸಿದ್ಧವಾಗಿತ್ತು. ಅದನ್ನು ಯಾವಾಗ ಬಿಟ್ಟುಕೊಡಬೇಕೆಂಬ ವಿವೇಕ ಹೈದರಾಬಾದಿನ ಶಾಲೆಯಿಂದ ಬಂತು. ಎರಡೂ ಕೂಡಿದುದರಿಂದಲೇ 1960ರ ರೋಮಿನಲ್ಲಿ ಹಂಗೆರಿ, ಪೆರು ಎರಡರ ವಿರುದ್ಧವೂ ಗೋಲು ಹೊಡೆದ ಆಟಗಾರ ಅವರಾದರು, ತಂಡ ಆ ಎರಡೂ ಪಂದ್ಯಗಳನ್ನು ಸೋತರೂ. ಗೋಲಿ ಪೀಟರ್ ತಂಗರಾಜರೂ ಈ ನೆಲದವರೇ. ಮಾರ್ನಿಂಗ್ ಸ್ಟಾರ್, ಫ್ರೆಂಡ್ಸ್ ಯೂನಿಯನ್ ಎಂಬ ಇಲ್ಲಿಯ ಕ್ಲಬ್ಬುಗಳಲ್ಲಿ ಬೆಳೆದು, ಸೇನೆಯನ್ನು ಸೇರಿ ಮದ್ರಾಸ್ ರೆಜಿಮೆಂಟಿನ ತಂಡದಲ್ಲಿ ಹೆಸರಾದವರು.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಪಂದ್ಯವೇ ದಕ್ಷಿಣ ಕೊರಿಯದೆದುರು 0-2ರ ಸೋಲು. ಸೋಲಿನ ಮರುದಿನ ಸಲಹೆಗಾರರಿಗೆ ಎಂದೂ ಬರವಿಲ್ಲ. ಆದರೆ ರಹೀಮ್ ಸಾಹೇಬರು ತಂಡವನ್ನು ಒಡೆಯಲಿಲ್ಲ. ಥಾಯ್ಲೆಂಡ್ 4-1, ಜಪಾನ್ 2-0, ಅರ್ಧಾಂತಿಮದಲ್ಲಿ ದಕ್ಷಿಣ ವಿಯೆಟ್ನಾಮ್ 3-2 ಎಂದು ಒಂದೊಂದಾಗಿ ದಾಟಿ, ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಬ್ಯಾಕ್ ಜರ್ನೈಲ್ ಸಿಂಗನನ್ನೇ ಸೆಂಟರ್ ಫಾರ್ವರ್ಡನನ್ನಾಗಿ ಮುಂದಕ್ಕೆ ಕಳುಹಿಸಿ, ಸೆಪ್ಟೆಂಬರ್ 4ರಂದು, ನಮಗೆ ಪ್ರತಿಕೂಲವಾಗಿ ಕೂಗುತ್ತಿದ್ದ ಲಕ್ಷ ಜನರ ನಡುವೆ, ಅದೇ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನವನ್ನು ತಂದರು. ಆ ದಿನ ಗೋಲಿನಲ್ಲಿ ತಂಗರಾಜ್, ಮುಂದೆ ಬಲರಾಮ್, ಜತೆಗೆ ಹೈದರಾಬಾದಿನ ಯೂಸುಫ್ ಖಾನ್. ಮರುವರ್ಷ ಜೂನ್ 11ರಂದು ರಹೀಮ್ ಸಾಹೇಬರು ಕ್ಯಾನ್ಸರಿನಿಂದ ತೀರಿಕೊಂಡರು. ಬಲರಾಮರಿಗೂ ಅನಾರೋಗ್ಯದಿಂದ ಅದೇ ವರ್ಷ ಆಟವನ್ನು ಬಿಡಬೇಕಾಯಿತು. (ರಹೀಮ್ ಸಾಹೇಬರ ಮಗ, ರೋಮ್ ಒಲಿಂಪಿಕ್ ತಂಡದಲ್ಲಿದ್ದ ಸೈಯದ್ ಶಾಹಿದ್ ಹಕೀಮರು 2021ರಲ್ಲಿ ಕೊನೆಯುಸಿರೆಳೆದುದು ನಮ್ಮ ಕಲಬುರ್ಗಿಯಲ್ಲಿ.)

ಮುಂದಿನ ಅವನತಿಯನ್ನು ಒಬ್ಬ ಗುರುವಿನ ಮರಣಕ್ಕೆ ಕಟ್ಟುವುದು ಸುಲಭ, ಅಪೂರ್ಣ. 1956ರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯವೇ ಒಡೆದು, ಕನ್ನಡ ಜಿಲ್ಲೆಗಳು ಮೈಸೂರನ್ನೂ ಮರಾಠವಾಡವು ಮುಂಬಯಿಯನ್ನೂ ಸೇರಿದ ಬಳಿಕವೂ, ತಂಡವು ಹೈದರಾಬಾದೆಂಬ ಹೆಸರಿನಲ್ಲೇ 1957-58ರ ಸಂತೋಷ್ ಟ್ರೋಫಿಯನ್ನು ಗೆದ್ದಿತು. ರಾಜ್ಯ ಹೋದರೂ ಅಭ್ಯಾಸ ಉಳಿದಿತ್ತು. ಅಭ್ಯಾಸವನ್ನು ಕೆಡಿಸಿದ್ದು ಕಲ್ಕತ್ತೆಯ ಹಣ. ಗಿಡ್ಡ ಪಾಸಿನ ಆಟವು ಒಬ್ಬನಲ್ಲಿರುವ ವಿದ್ಯೆಯಲ್ಲ. ವರ್ಷಾನುಗಟ್ಟಲೆ ಜತೆಯಲ್ಲಿ ಆಡಿ, ಇವನು ತಲೆ ಎತ್ತಿದೊಡನೆ ಅವನು ಎತ್ತ ಓಡುವನೆಂಬುದನ್ನು ಬಲ್ಲ ಐದಾರು ಮಂದಿಯ ನಡುವೆ ಇರುವಂಥದು. ಪೊಲೀಸ್ ಖಾತೆಯ ನೌಕರಿಯೊಂದು ಅವರನ್ನು ಒಂದೇ ಊರಿನಲ್ಲಿ ಕಟ್ಟಿಹಾಕಿದ್ದಷ್ಟು ಕಾಲ ಅದು ನಡೆಯಿತು. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬುಗಳು ಇವರಲ್ಲಿ ಒಬ್ಬನನ್ನು ಕರೆದುಕೊಂಡರೆ ಹೋಗುತ್ತಿದ್ದುದು ಒಬ್ಬ ಆಟಗಾರನಲ್ಲ. ಉಳಿದವರ ಪಾಸುಗಳೂ ಅವನೊಡನೆ ಹೋಗುತ್ತಿದ್ದವು. ಊರಿನ ಪ್ರೇಕ್ಷಕನಾದರೋ ಹಿಂದಿನಂತೆಯೇ ಉಳಿದವನ ಕಾಲನ್ನೇ ದೂಷಿಸುತ್ತ ಕುಳಿತ. 1965-66ರಲ್ಲಿ ಆಂಧ್ರಪ್ರದೇಶವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಾಗ, ಹದಿನೈದು ವರ್ಷ ಹಿಂದಿನ ಕಲ್ಕತ್ತೆಯ ಎರಡು ಸೋಲುಗಳ ಸಾಲ ತೀರಿತೆಂದು ಉಭಯ ನಗರಗಳು ಸಂಭ್ರಮಿಸಿದ್ದರೆ ಸಹಜವೇ. ಆ ತಂಡದಲ್ಲಿ ಮಿಂಚಿದ ಮೊಹಮ್ಮದ್ ಹಬೀಬ್ ಎಂಬ ಹೈದರಾಬಾದಿನ ತರುಣನನ್ನು 1966ರಲ್ಲಿಯೇ ಈಸ್ಟ್ ಬೆಂಗಾಲ್ ಕರೆದುಕೊಂಡಿತು; 1969ರ ಸಂತೋಷ್ ಟ್ರೋಫಿಯಲ್ಲಿ ಆತನು ಗೋಲುಗಳನ್ನು ಹೊಡೆದುದು ಬಂಗಾಳದ ಪರವಾಗಿ.